ಹತ್ತಿ ನೋಡುವ ಅಣ್ಣಾರು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅವರಿಗೇನೂ ಆಗುವುದಿಲ್ಲ, ಆಗುವುದೆಲ್ಲ ಆಗಿ ಮುಗಿದಿದೆ. ಆದರೆ ಅವರಿಗೊಬ್ಬ ಮಗಳಿದ್ದಾಳೆ, ಅವಳಿಗೊಂದು ಊರಿದೆ, ಆ ಊರಿಗೆ ಬಾಯಿದೆ. ಆದವಾನಿಯ ಹತ್ತಿ ಮಂಡಿಯಲ್ಲಿ ಸಾಹುಕಾರರಿಂದ ಹಿಡಿದು ಹಮಾಲರವರೆಗೆ ಎಲ್ಲರೂ ಅವರನ್ನು ಅಣ್ಣಾರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಅವರನ್ನು ಹೊಗಳಿ ಬರೆಯಬೇಕೆಂದು ಎರಡು ಸಲ ಕೂತೆ, ಎರಡು ಸಲವೂ ಹಾಳೆ ಹರಿದು ಹಾಕಿದೆ. ಹೊಗಳುವ ಯೋಗ್ಯತೆ ನನಗಿಲ್ಲ. ಯಾಕಿಲ್ಲ ಅನ್ನುವುದನ್ನೇ ಬರೆಯುತ್ತೇನೆ.

ಹತ್ತಿ ನೋಡುವುದು ಅವರ ಕಸುಬು. ಹಳ್ಳಿಗಳಿಂದ ಬಂಡಿ ಬಂದು ನಿಂತ ಮೇಲೆ, ಮಾತುಕತೆ ಶುರುವಾಗುವ ಮೊದಲು, ಈ ಹತ್ತಿ ಯಾವ ದರ್ಜೆಯದು ಎಂದು ಒಬ್ಬರು ಹೇಳಬೇಕು. ಆ ಒಬ್ಬರು ಅಣ್ಣಾರು. ಮೂಟೆಯೊಳಗೆ ಮೊಳಕೈವರೆಗೆ ಕೈ ಇಳಿಸಿ ಒಂದು ಹಿಡಿ ತೆಗೆಯುತ್ತಿದ್ದರು. ಎರಡೂ ಕೈಯ ಹೆಬ್ಬೆರಳು ತೋರುಬೆರಳಲ್ಲಿ ಅದನ್ನು ಜಗ್ಗಿ, ಅರ್ಧ ಬಿಸಾಕಿ, ಮತ್ತೆ ಜಗ್ಗಿ, ಕೊನೆಗೆ ಹತ್ತಿಪ್ಪತ್ತು ಎಳೆ ಉಳಿದಾಗ ತಮ್ಮ ಕರಿ ಕೋಟಿನ ತೋಳಿನ ಮೇಲೆ ಅಂಟಿಸಿ ಉದ್ದ ನೋಡುತ್ತಿದ್ದರು. ಆಮೇಲೆ ಒಂದೇ ಮಾತು. ಮಾರುವವನೂ ಕೊಳ್ಳುವವನೂ ಅದಕ್ಕೆ ಎದುರು ಹೇಳಿದ್ದನ್ನು ನಾನು ಕಾಣೆ.

ಕಳ್ಳತನ ಸಿಕ್ಕರೆ ಹತ್ತು ಜನರ ಮುಂದೆ ಮಾನ ಕಳೆಯುವ ಚಾಳಿ ಅವರಿಗಿರಲಿಲ್ಲ. ಒಳ್ಳೆಯ ಹಿಂಗಾರಿ ಹತ್ತಿಗೆ ಕೀಳು ದರ್ಜೆಯ ಮುಂಗಾರಿ ಬೆರೆಸಿ, ಹಾದಿಯಲ್ಲಿ ನೀರು ಬೇರೆ ಚಿಮುಕಿಸಿ ತಂದ ಗೌಡರೊಬ್ಬರನ್ನು ಬೇವಿನ ಮರದ ಬುಡಕ್ಕೆ ಕರೆದುಕೊಂಡು ಹೋಗಿ, "ಗೌಡ್ರ, ಹ್ವಾದ ವರ್ಷ ನಿಮ್ಮ ಹತ್ತಿ ಚೆಂದ ಮಾತಾಡ್ತಿತ್ತು. ಈ ವರ್ಷ ಯಾಕೋ ತೊದಲತೈತಿ. ಮೈಯಾಗ ಆರಾಮಿಲ್ಲೇನು ಅದಕ್ಕ?" ಅಂದರು. ಗೌಡರು ನಕ್ಕು, ಬಂಡಿ ತಿರುಗಿಸಿಕೊಂಡು ಹೋಗಿ, ಒಣಗಿಸಿ ಬೇರೆ ಮಾಡಿ ತಂದರು. ಅಂಥ ಮನುಷ್ಯ.

ಬೆರಳೆಂದರೆ ಅವರಿಗೆ ಬಲು ಜಂಬ. ದಿನಾ ಸಂಜೆ ಔಡಲೆಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತೆಂಗಿನಕಾಯಿ ಒಡೆಯುತ್ತಿರಲಿಲ್ಲ, ಹಗ್ಗ ಎಳೆಯುತ್ತಿರಲಿಲ್ಲ. "ಎಲ್ಲಾರಿಗೂ ಹೊಟ್ಟಿ ಹೊಟ್ಯಾಗ ಇರ್ತೈತಿ, ನನಗ ಬೆರಳಾಗ ಐತಿ" ಅನ್ನುತ್ತಿದ್ದರು. ಅವರ ಕೈಕೆಳಗೆ ನಾನು ಆರು ವರ್ಷ ಕೆಲಸ ಕಲಿತೆ. ಎಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಕೈಮೇಲೆ ಹೊಡೆಯುತ್ತಿದ್ದರು. "ಕಣ್ಣು ಮುಚ್ಚಿ ಮುಟ್ಟು. ಕಣ್ಣಿಗೇನು ಗೊತ್ತು ಹತ್ತಿ?"

ಆಮೇಲೊಂದು ವರ್ಷ ಅವರು ಹೊಸ ರೀತಿ ಶುರು ಮಾಡಿದರು. ಬೆರಳಲ್ಲಿ ಜಗ್ಗಿದ ಎಳೆಯನ್ನು ಕೆನ್ನೆಗೆ ತಂದು, ಕಣ್ಣು ಮುಚ್ಚಿ, ಮೆಲ್ಲಗೆ ಸವರಿಕೊಳ್ಳುವುದು. ಹೇಳಿದ್ದೇನೂ ತಪ್ಪುತ್ತಿರಲಿಲ್ಲ. ಅಷ್ಟೇ ಸಾಕಾಯಿತು ನೋಡಿ ನಮಗೆ. ಅಣ್ಣಾರು ಬೆರಳಿಗಿಂತ ಮೇಲಿನ ವಿದ್ಯೆ ಕಂಡುಕೊಂಡಿದ್ದಾರೆ ಎಂದು ಸುದ್ದಿ ಹಬ್ಬಿ, ಮೂರು ತಿಂಗಳಲ್ಲಿ ಆದವಾನಿಯ ಮಂಡಿಗಳಲ್ಲೆಲ್ಲ ಹತ್ತಿ ನೋಡುವವರು ಹತ್ತಿಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿ ಕೂತರು. ಗಡ್ಡ ಅಡ್ಡ ಬರುತ್ತದೆಂದು ಒಬ್ಬ ದಿನಾ ಕ್ಷೌರ ಮಾಡಿಸಿಕೊಳ್ಳತೊಡಗಿದ. ನಗಬೇಡಿ, ಆ ಒಬ್ಬ ನಾನೇ.

ಯುಗಾದಿಯ ಮರುದಿನ ಮಂಡಿ ಮುಚ್ಚುತ್ತಿತ್ತು. ಅವತ್ತು ನಮ್ಮ ಮಂಡಿಯವರೆಲ್ಲ ರಣಮಂಡಲದ ಗುಡ್ಡ ಹತ್ತಿ ಆಂಜನೇಯನ ಗುಡಿಗೆ ಹೋಗುವುದು ಅಲ್ಲಿನ ಪದ್ಧತಿ. ಆ ಸುಗ್ಗಿಯಲ್ಲಿ ಬಂದ ಹತ್ತಿಯಲ್ಲೆಲ್ಲ ಉತ್ತಮವಾದ ಒಂದು ಹಿಡಿಯನ್ನು ಅಣ್ಣಾರು ಮೊದಲೇ ಎತ್ತಿಟ್ಟು, ಅವತ್ತು ಬಟ್ಟೆಯಲ್ಲಿ ಕಟ್ಟಿಕೊಂಡು ತಾವೇ ಹೊತ್ತು, ಗುಡಿಯ ಮುಂದೆ ಕೂತು ಬತ್ತಿ ಹೊಸೆದು ದೀಪ ಹಚ್ಚಬೇಕು. ಆ ಬತ್ತಿಯನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ದೊಡ್ಡ ಯುದ್ಧ ಶುರುವಾಗುವ ಹಿಂದಿನ ವರ್ಷ. ಬೆಳಗಿನ ತಂಪಿನಲ್ಲೇ ಹೊರಟೆವು, ನಲವತ್ತು ಜನ ಇದ್ದೆವೇನೋ. ಚಪ್ಪಲಿಗಳನ್ನು ಗುಡ್ಡದ ಬುಡದಲ್ಲೇ ಬಿಟ್ಟಿದ್ದೆವು. ಬೇವು ಹೂ ಬಿಟ್ಟಿತ್ತು, ಬಂಡೆಗಳ ಸಂದಿಯಲ್ಲಿ ಸೀತಾಫಲದ ಗಿಡ ಚಿಗುರಿತ್ತು, ಹಳೇ ಕೋಟೆಗೋಡೆಯ ಮೇಲೆ ಕೋತಿಗಳು ಮರಿ ಕಟ್ಟಿಕೊಂಡು ಕೂತಿದ್ದವು. ಹೆಂಗಸರು ಮೆಟ್ಟಿಲಿಗೊಂದು ಕುಂಕುಮದ ಬೊಟ್ಟಿಡುತ್ತ ಬರುತ್ತಿದ್ದರು. ಅಣ್ಣಾರು ಎಲ್ಲರಿಗಿಂತ ಮುಂದೆ, ನಾನು ಅವರ ಹಿಂದೆ. ಅಷ್ಟು ಎತ್ತರದ ಗುಡ್ಡವನ್ನು ನಿಲ್ಲದೆ ಹತ್ತುತ್ತಿದ್ದರು.

ಅರ್ಧ ಗುಡ್ಡದಲ್ಲಿ ನೋಡಿದೆ, ಮೆಟ್ಟಿಲುಗಳ ಮೇಲೆ ಒಂದು ಬಿಟ್ಟು ಒಂದರಲ್ಲಿ ಕೆಂಪಗೆ ಹೆಜ್ಜೆ ಮೂಡಿತ್ತು.

"ಅಣ್ಣಾರ, ಕಾಲಿಗೆ ಏನೋ ನಟ್ಟೈತ್ರಿ."

"ಹೌದೇನು?" ಅಂದರು. ಕಾಲೆತ್ತಿ ನೋಡಿ ಜಾಲಿಮುಳ್ಳು ಕಿತ್ತು ಬಿಸಾಕಿದರು. ಬೆರಳುದ್ದದ ಮುಳ್ಳು. ಮುಖದಲ್ಲಿ ಒಂದು ನಿರಿಗೆಯೂ ಬೀಳಲಿಲ್ಲ. ಹಿಂದಿದ್ದ ಹಮಾಲರ ಮುದುಕಿ, "ದೇವರ ಧ್ಯಾನದಾಗ ಇದ್ರು, ಅವರಿಗೆ ಹೆಂಗ ತಿಳಿತೈತಿ" ಎಂದು ಕೈಮುಗಿದಳು. ನನಗೂ ಹಾಗೇ ಅನ್ನಿಸಿತು.

ಗುಡಿಯ ಮುಂದೆ ಕೂತು ಬತ್ತಿ ಹೊಸೆಯತೊಡಗಿದರು. ಆ ಬತ್ತಿ ನೋಡಿ ನಾನು ಬೆಪ್ಪಾದೆ. ಒಂದು ಕಡೆ ಗಂಟು, ಒಂದು ಕಡೆ ಪೊಳ್ಳು. ಮನೆಯಲ್ಲಿ ಮಕ್ಕಳು ಹೊಸೆದರೂ ಅದಕ್ಕಿಂತ ನೆಟ್ಟಗಿರುತ್ತದೆ. ಎರಡು ಹೊಸೆದು ಎರಡನ್ನೂ ಮುಷ್ಟಿಯಲ್ಲಿ ಮುಚ್ಚಿಕೊಂಡು, ನನ್ನ ಕಡೆ ತಿರುಗದೆ, "ತಮ್ಮಾ, ನೀ ಹೊಸಿ" ಅಂದರು. ಹೊಸೆದುಕೊಟ್ಟೆ. ಹಿರಿಯರು ನನಗೆ ಪಟ್ಟ ಕಟ್ಟುತ್ತಿದ್ದಾರೆಂದು ಒಳಗೊಳಗೇ ಹಿಗ್ಗಿದೆ ಕೂಡ. ಎಂಥ ಮಂಕು ನಾನು.

ದೀಪ ಹಚ್ಚಿದರು. ಗುಡ್ಡದ ಗಾಳಿಗೆ ಬತ್ತಿ ಎಣ್ಣೆಯೊಳಗೆ ಜಾರಿತು. ಎಲ್ಲರೂ ಮಾಡುವ ಹಾಗೆ ಬೆರಳಿಂದಲೇ ಬತ್ತಿ ಎತ್ತಲಿಕ್ಕೆ ಹೋದರು. ಎಲ್ಲರೂ ಚಟಕ್ಕನೆ ಎತ್ತಿ ಕೈ ತೆಗೆಯುತ್ತಾರೆ. ಅವರು ತೆಗೆಯಲಿಲ್ಲ. ಮತ್ತೆ ಜಾರದಿರಲಿ ಎಂದು ಬತ್ತಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಮುಖ ಎತ್ತಿ ದೇವರನ್ನು ನೋಡುತ್ತ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದರು. ಜ್ವಾಲೆ ಬೆರಳ ಸುತ್ತ ಉರಿಯುತ್ತಿತ್ತು. ಚರ್ಮ ಸುಟ್ಟ ವಾಸನೆ ಬಂತು. ಅವರು ಹೇಳಿಕೊಳ್ಳುತ್ತಲೇ ಇದ್ದರು.

ನನಗೆ ಆಗ ಗೊತ್ತಾಯಿತು. ಚಿಪ್ಪಗಿರಿಯಲ್ಲಿ ನಮ್ಮ ಸೋದರತ್ತೆಯೊಬ್ಬರು ಹೀಗೇ ಒಲೆಯೊಳಗಿನ ಕೊಳ್ಳಿಯನ್ನು ಉರಿಯುವ ಕಡೆಯಿಂದ ಹಿಡಿದು ಸರಿಸಿದ್ದನ್ನು ಸಣ್ಣವನಿದ್ದಾಗ ಕಣ್ಣಾರೆ ಕಂಡಿದ್ದೆ. ಎರಡು ವರ್ಷಕ್ಕೆ ಅವರನ್ನು ಹೊಲದ ಗುಡಿಸಲಿಗೆ ಹಾಕಿದರು. ಅನ್ನವನ್ನು ಬದುವಿನ ಮೇಲೆ ಇಟ್ಟು ಬರುತ್ತಿದ್ದರು. ನಮ್ಮ ಕಡೆ ಆ ರೋಗದ ಹೆಸರನ್ನು ಹೇಳುವುದಿಲ್ಲ, ಪೆದ್ದರೋಗ ಅಂತಾರೆ. ಕುಷ್ಠ ಎಂದು ನಾನು ಬರೆಯುತ್ತಿರುವುದೇ ಈಗ ಮೊದಲ ಸಲ.

"ಅಣ್ಣಾರ, ಕೈ" ಅಂದೆ.

ಕೈ ತೆಗೆದರು. ಬೆರಳ ತುದಿ ಬೆಳ್ಳಗೆ ಉಬ್ಬಿತ್ತು. ನನ್ನನ್ನು ನೋಡಿದರು. ನನಗೆ ತಿಳಿದಿದೆ ಎಂದು ಅವರಿಗೂ ತಿಳಿಯಿತು. ಅಷ್ಟರಲ್ಲಿ ಆ ಮುದುಕಿ, "ಸ್ವಾಮಿ ವಚ್ಚಿನಾಡು" ಎಂದು ತೆಲುಗಿನಲ್ಲಿ ಕೂಗಿ ಅವರ ಕಾಲಿಗೆ ಬಿದ್ದಳು. ಸ್ವಾಮಿ ಮೈಮೇಲೆ ಬಂದಿದ್ದಾನೆ, ಬೆಂಕಿಯಲ್ಲಿ ಕೈಯಿಟ್ಟರೂ ಸುಡಲಿಲ್ಲ! ಒಬ್ಬರ ಹಿಂದೊಬ್ಬರು ಬಿದ್ದರು. ಪೂಜಾರಿ ಹಣೆಗೆ ಸಿಂಧೂರ ಬಳಿದು, ದೇವರ ಕೊರಳಿನ ವೀಳ್ಯದೆಲೆಯ ಸರ ತೆಗೆದು ಅವರ ಕೊರಳಿಗೆ ಹಾಕಿದ. ಅವರು ಕಂಬಕ್ಕೆ ಒರಗಿ ನಿಂತಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ ಮುಖವನ್ನು ನಾನು ನೋಡಿಲ್ಲ.

ಉಳಿದವರು ಊಟಕ್ಕೆ ಕೂತಾಗ ಗುಡಿಯ ಹಿಂದಿನ ಬಂಡೆಯ ಮೇಲೆ ನಾವಿಬ್ಬರೇ ಇದ್ದೆವು. ಕೆಳಗೆ ಊರು, ಮಸೀದಿಯ ಗುಮ್ಮಟ, ರೈಲು ಹಳಿ, ಹತ್ತಿ ಬಿಡಿಸುವ ಜಿನ್ನುಗಳ ಹೊಗೆಕೊಳವೆಗಳು, ಆಚೆ ಕಣ್ಣು ಹೋಗುವಷ್ಟು ದೂರ ಕರಿ ಎರೆ ಹೊಲ. ಬಹಳ ಚೆಂದದ ಜಾಗ. ಈಗ ನನಗೆ ಆ ಗುಡ್ಡ ಕಂಡರಾಗುವುದಿಲ್ಲ.

"ಎಷ್ಟು ದಿನಾತ್ರಿ?" ಅಂದೆ.

"ಎರಡು ವರ್ಷ. ಎಡಗೈ ಮದಲು. ಈಗ ಎರಡೂ. ಕೆನ್ನಿಗಿನ್ನೂ ತಿಳಿತೈತಿ, ಅದಕ್ಕ ಹತ್ತೀನ ಅಲ್ಲಿ ಹಿಡಿತೀನಿ. ನೀವೆಲ್ಲಾ ಅದನ್ನ ದೊಡ್ಡ ವಿದ್ಯೆ ಅಂದ್ರಿ, ನಾ ಬ್ಯಾಡ ಅನ್ನಲಿಲ್ಲ." ಸುಟ್ಟ ಬೆರಳನ್ನು ಮಡಚಿಕೊಂಡು, "ದೂರದ ಊರಾಗ ಡಾಕ್ಟರಿಗೆ ತೋರ್ಸೀನಿ, ಬ್ಯಾರೆ ಹೆಸರು ಹೇಳಿ. ಅದಾ ಅಂದ್ರು."

ಅವರ ಮಗಳ ಮದುವೆ ವೈಶಾಖದಲ್ಲಿ ಗೊತ್ತಾಗಿತ್ತು. ಗಂಡಿನವರು ಪೆದ್ದಹರಿವಾಣದ ಒಳ್ಳೆಯ ಮನೆತನದವರು. ಆ ಮಾತು ಎತ್ತಿ, "ಒಂದು ತಿಂಗಳು, ತಮ್ಮಾ. ಅಕ್ಕಿಕಾಳು ಬೀಳಲಿ. ಆಕಿ ಆ ಮನಿ ಹೊಸ್ತಿಲಾ ದಾಟಿದ ಮರುದಿನ ನಾನೇ ಹೊಂಟ್ಹೋಗ್ತೀನಿ, ಆಸ್ಪತ್ರಿಗೆ. ಯಾರ ಕಣ್ಣಿಗೂ ಬೀಳೂದಿಲ್ಲ" ಅಂದರು. ಬಂಡೆಯ ಅಂಚಿನ ಕಡೆ ನೋಡಿದರು. "ಇಲ್ಲಿಂದ ಬಿದ್ರ ಚಲೋ ಇತ್ತು. ಅದನ್ನೂ ಯೋಚನಿ ಮಾಡೀನಿ. ಆದ್ರ ಸೂತಕ ಬಂದು ಮದಿವಿ ವರ್ಷ ಮುಂದಕ ಹೋಗ್ತೈತಿ."

"ನಾ ಯಾರಿಗೂ ಹೇಳೂದಿಲ್ಲ ಅಣ್ಣಾರ" ಅಂದೆ. ಅವರು ಆಣೆ ಕೇಳಲಿಲ್ಲ, ನಾನೂ ಮಾಡಲಿಲ್ಲ. ಬೇಕಿಲ್ಲ ಅನ್ನಿಸಿತ್ತು.

ನಾವು ಗುಡ್ಡ ಇಳಿಯುವುದರೊಳಗೆ ಸುದ್ದಿ ಊರು ಮುಟ್ಟಿತ್ತು. ಮರುದಿನದಿಂದ ಅವರ ಮನೆ ಮುಂದೆ ಜನ. ತೆಂಗಿನಕಾಯಿ, ಹೂವು, ಜ್ವರದ ಮಕ್ಕಳು, ಬಂಜೆಯರು. ತಲೆಮೇಲೆ ಕೈಯಿಡ್ರಿ ಸ್ವಾಮಿ ಅನ್ನುವವರೇ ಎಲ್ಲ. ಅವರು ಕೈ ಹಿಂದಕ್ಕೆ ಕಟ್ಟಿಕೊಂಡು, "ನಾ ಯಾರು ಅದಕ್ಕ? ಆಂಜನೇಯನ ಗುಡಿಗೆ ಹೋಗ್ರಿ" ಎಂದು ಎಲ್ಲರನ್ನೂ ಕಳಿಸುತ್ತಿದ್ದರು. ಅದಕ್ಕೆ ಜನರ ಭಕ್ತಿ ಇನ್ನೂ ಹೆಚ್ಚಾಯಿತು. ಎಷ್ಟು ದೊಡ್ಡತನ ನೋಡು ಅಂದರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ವಾರ ನಾನು ಆ ಬೀದಿಗೇ ಹೋಗಿರಲಿಲ್ಲ. ಹೋಗಲಿಕ್ಕೆ ಹೆದರಿಕೆ.

ನಮಗೆ ಆಗ ಎಂಟು ತಿಂಗಳ ಗಂಡುಕೂಸು. ಹುಟ್ಟಿದಂದಿನಿಂದ ಕೆಮ್ಮು. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಹೆಂಡತಿ ಎಲೆ ಹಾಕುತ್ತ, ಸಂತೋಷದಿಂದ, "ಕೂಸಿನ್ನ ಅಣ್ಣಾರ ಹತ್ತಿರ ಒಯ್ದಿದ್ನಿರಿ. ಅವರ ಕೈಯಾಗ ಕೊಡಾಕ ಹ್ವಾದೆ" ಅಂದಳು.

ಆಕೆ ಮಾತು ಮುಗಿಸಲು ನಾನು ಬಿಡಲಿಲ್ಲ. ಎಲೆ ಒದ್ದು ಎದ್ದೆ. "ಮುಟ್ಟಿಸಿದ್ಯೇನು? ಆತಗ ಪೆದ್ದರೋಗ ಐತಿ, ಹುಚ್ಚೀ, ಕೈ ಸುಟ್ರೂ ತಿಳಿಯೂದಿಲ್ಲ ಆತಗ. ಕೂಸಿನ್ನ ಕೊಂದೆಲ್ಲ" ಎಂದು ಕಿರುಚಿದೆ. ಬೀದಿಗೆ ಕೇಳುವಷ್ಟು ಕಿರುಚಿದೆ.

ಆಕೆ ನಿಂತಲ್ಲೇ ನಿಂತಿದ್ದಳು. "ಅವರು ಮುಟ್ಟಲೇ ಇಲ್ಲರಿ" ಅಂದಳು. "ಕೈ ಹಿಂದ ಕಟ್ಟಿಕೊಂಡು ಗ್ವಾಡಿಗೆ ಹೋಗಿ ನಿಂತರು. ದೂರ ಒಯ್ಯವ್ವ ಕೂಸಿನ್ನ, ಬಿಸಿಲು ಬಡಿತೈತಿ ಅಂದ್ರು."

ಅಡಿಗೆಮನೆಯಲ್ಲಿ ನಮ್ಮ ಅತ್ತೆ ಕೂತಿದ್ದರು. ಮೊಮ್ಮಗನನ್ನು ನೋಡಲಿಕ್ಕೆ ಬಂದವರು. ಅವರದು ಪೆದ್ದಹರಿವಾಣ. ಎದ್ದು ಬಂದು, ತಮ್ಮ ಗಂಟು ಕಟ್ಟಿದರು. "ಅಣ್ಣಾರ ಮಗಳ್ನ ತರೂ ಮನಿ ನನ್ನ ತಂಗಿ ಮಗಂದು. ಕೇಳಿದ ಮ್ಯಾಲೆ ಸುಮ್ಮನ ಹೆಂಗ ಇರ್ಲಿ, ನೀವೇ ಹೇಳ್ರಿ" ಅಂದರು. ಕೆಟ್ಟ ಹೆಂಗಸಲ್ಲ ಆಕೆ. ಕಾಲು ಹಿಡಿದಿದ್ದರೆ ನಿಲ್ಲುತ್ತಿದ್ದರೋ ಏನೋ. ನಾನು ಕೂಸಿನ ತಲೆ, ಕೈ, ಬೆರಳು ಒಂದೊಂದನ್ನೇ ಹಿಡಿದು ನೋಡುತ್ತ ಕೂತಿದ್ದೆ. ಅತ್ತೆಯ ಬಂಡಿ ಹೋದದ್ದು ಕೇಳಿಸಿತು.

ಮೂರನೆಯ ದಿನ ಗಂಡಿನ ಕಡೆಯ ಇಬ್ಬರು ಹಿರಿಯರು ಬಂದು, ಜಾತಕ ಕೂಡುವುದಿಲ್ಲವಂತೆ ಎಂದು ನಿಶ್ಚಯದಲ್ಲಿ ಪಡೆದಿದ್ದ ಧೋತರವನ್ನು ಅಣ್ಣಾರ ಜಗುಲಿಯ ಮೇಲಿಟ್ಟು ನೀರು ಕೂಡ ಕುಡಿಯದೆ ಹೋದರು. ಸಂಜೆಯೊಳಗೆ ಊರಿಗೆಲ್ಲ ನಿಜ ಗೊತ್ತಾಗಿತ್ತು. ಕಾಲಿಗೆ ಬಿದ್ದವರೇ ಅವರ ಬಾಗಿಲಿಗೆ ಮುಳ್ಳು ತಂದು ಹಾಕಿದರು. ಮಂಡಿಯಲ್ಲಿ ಅವರು ಕೂರುತ್ತಿದ್ದ ಜಾಗವನ್ನು ಸಗಣಿ ಹಾಕಿ ತೊಳೆದರು. ಅವತ್ತಿನಿಂದ ಆದವಾನಿಯಲ್ಲಿ ಯಾರೂ ಹತ್ತಿಯನ್ನು ಕೆನ್ನೆಗೆ ತಾಗಿಸಲಿಲ್ಲ.

ಅವರು ಊರು ಬಿಡುವ ದಿನ ನಾನು ರೈಲು ಸ್ಟೇಷನ್ನಿಗೆ ಹೋದೆ. ಒಬ್ಬರೇ ಕಲ್ಲುಬೆಂಚಿನ ಮೇಲೆ ಕೂತಿದ್ದರು, ಕೋಟು ಹಾಕಿಕೊಂಡು, ಕೈಗೆ ಟವೆಲು ಸುತ್ತಿಕೊಂಡು. ಹೆಂಡತಿ ಮಗಳು ಬಂದಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, "ಅಲ್ಲೇ ನಿಂದ್ರು" ಅಂದರು.

"ಅಣ್ಣಾರ, ನಾನು..."

"ನನಗ ಗೊತ್ತೈತಿ. ಅದನ್ನ ನನಗೂ ಹೇಳಬ್ಯಾಡ, ಯಾರಿಗೂ ಹೇಳಬ್ಯಾಡ. ನಾನೇ ಪೆದ್ದಹರಿವಾಣಕ್ಕ ಹೇಳಿ ಕಳಿಸೀನಿ, ಮೋಸ ಮಾಡಾಕ ಮನಸು ಬರಲಿಲ್ಲ, ಅಂತ ಮನ್ಯಾಗ ಹೇಳೀನಿ. ನೀ ಅಂತ ತಿಳಿದ್ರ ನನ್ನ ಮಗಳು ನಿನ್ನ ಮುಖ ನೋಡೂದಿಲ್ಲ. ನಾಳೆ ಆಕಿಗೆ ಏನರ ಬೇಕಾದ್ರ ಯಾರದಾರ? ನಿನ್ನ ಬಿಟ್ರ ನನಗ್ಯಾರೂ ಇಲ್ಲ ಈ ಊರಾಗ." ಗಾಡಿ ಬರುವ ದಿಕ್ಕು ನೋಡುತ್ತ, "ಕೂಸಿನ ಕೆಮ್ಮು ಕಡಿಮಿ ಆತೇನು?" ಎಂದು ಕೇಳಿದರು.

ಬೈದಿದ್ದರೆ ನಾನು ಬದುಕುತ್ತಿದ್ದೆ.

ತಾಯಿ ಮಗಳು ನಂದವರಕ್ಕೆ ಸೋದರಮಾವನ ಮನೆಗೆ ಹೋದರು. ಆ ಹುಡುಗಿಯನ್ನು ಮತ್ತೆ ಯಾರೂ ಕೇಳಿಕೊಂಡು ಬರಲಿಲ್ಲ. ನಾನು ವರ್ಷಕ್ಕೆರಡು ಸಲ ಹೋಗಿ ಬರುತ್ತಿದ್ದೆ, ಕಾಳು ಕಡಿ, ಸೀರೆ, ಏನಾದರೊಂದು ಒಯ್ಯುತ್ತಿದ್ದೆ. ತಾಯಿ ತೀರಿಕೊಂಡಾಗ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಆಸ್ಪತ್ರೆಯಿಂದ ಆಗಾಗ ಅಣ್ಣಾರ ಕಾರ್ಡು ನನಗೆ ಬರುತ್ತಿತ್ತು, ಬೇರೆ ಯಾರದೋ ಕೈಬರಹ, ಪ್ರತಿಸಲವೂ ಒಂದೇ ಪ್ರಶ್ನೆ: ಮಗಳು ಬರುವಳೇ? ನಾನು ಅದನ್ನು ಅವಳಿಗೆ ಹೇಳುತ್ತಿದ್ದೆ. ಅವಳು ಎದ್ದು ಒಳಗೆ ಹೋಗುತ್ತಿದ್ದಳು. ನಾನಾದರೂ ಹೋದೆನೇ? ಏಳು ವರ್ಷದಲ್ಲಿ ಒಂದು ಸಲವೂ ಹೋಗಲಿಲ್ಲ. ಒಂದು ಸಲ ಮುಟ್ಟಿದ ಮಾತ್ರಕ್ಕೆ ಅಂಟುವ ರೋಗವಲ್ಲ ಅದು ಎಂದು ಅಲ್ಲಿಯ ಕಾಂಪೌಂಡರು ಹಾದಿಯಲ್ಲಿ ಸಿಕ್ಕಾಗ ಹೇಳಿದ್ದ. ಆಮೇಲೂ ಹೋಗಲಿಲ್ಲ.

ಹೋದ ತಿಂಗಳು ಬಂದ ಕಾರ್ಡಿನಲ್ಲಿ ಎರಡೇ ಸಾಲು. ತೀರಿಕೊಂಡರು, ಮಣ್ಣು ಮಾಡಿದೆವು. ಯುದ್ಧಕಾಲದ ಇದ್ದಿಲ ಬಸ್ಸಿನಲ್ಲಿ ನಂದವರಕ್ಕೆ ಹೋದೆ. ಹಾದಿಯುದ್ದಕ್ಕೂ ಒಂದು ಮಾತನ್ನು ಬಾಯಿಪಾಠ ಮಾಡಿದೆ: ಅಪ್ಪ ಹೇಳಲಿಲ್ಲವ್ವಾ, ನಾನು ಹೇಳಿದೆ. ಇನ್ನು ಮುಚ್ಚಿಡಲಿಕ್ಕೆ ಕಾರಣವೇನೂ ಉಳಿದಿರಲಿಲ್ಲ. ಸೋದರಮಾವ ಅವಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ, ನನ್ನಿಂದ ಅವಳಿಗೆ ಆಗಬೇಕಾದದ್ದೂ ಇರಲಿಲ್ಲ.

ಅವಳು ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಸುದ್ದಿ ಹೇಳಿದೆ. ಬಡಿಯುವ ಕೈ ನಿಲ್ಲಲಿಲ್ಲ.

"ಏಳವ್ವಾ, ಸ್ನಾನ ಮಾಡಬೇಕು ನೀನು" ಅಂದೆ.

"ಆತ ನಮಗ ಯಾವಾಗಲೋ ಸತ್ತಾನ ಕಾಕಾ. ಆವತ್ತೇ ಮಾಡೀನಿ." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ನೀವು ಆತನ ಜೋಡಿ ಇದ್ದವರು, ಒಂದು ಮಾತು ಕೇಳ್ತೀನಿ. ಒಂದು ತಿಂಗಳು ಬಾಯಿ ಮುಚ್ಚಿಕೊಂಡು ಇರಾಕ ಆತಗ ಯಾಕ ಆಗಲಿಲ್ಲ? ನಾ ಆ ಮನಿ ಸೇರಿದ ಮ್ಯಾಲೆ ಹೇಳಿದ್ರ ಏನಾಗ್ತಿತ್ತು? ಮಗಳಿಗಿಂತ ಆತಗ ಆತನ ಸತ್ಯಾನೇ ದೊಡ್ಡದಾತೇನು?"

ಬಾಯಿಪಾಠ ಮಾಡಿದ್ದು ನಾಲಿಗೆಯ ತನಕ ಬಂತು.

"ಮನುಷ್ಯಾಗ ಒಂದೊಂದು ಹೊತ್ತು ಏನಾಗ್ತೈತೋ ಅವ್ವಾ" ಅಂದೆ.

ಅವಳು ಹೂಂ ಅಂದಳು. ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು, ನನ್ನ ಮುಂದೆ ಗಂಗಾಳ ಇಟ್ಟು, ರೊಟ್ಟಿ ಹಾಕಿ ಪುಂಡಿಪಲ್ಯೆ ಬಡಿಸಿದಳು. "ಉಣ್ಣರಿ ಕಾಕಾ, ಬಿಸಿಲಾಗ ಬಂದೀರಿ. ನನ್ನವರು ಅಂತ ಇರೋರು ನೀವೊಬ್ಬರು."

ಸಾವಿನ ಸುದ್ದಿ ತಂದವನು ಆ ಮನೆಯಲ್ಲಿ ಉಣ್ಣಬಾರದು. ಉಂಡೆ.

"ಇನ್ನೊಂದು ಹಾಕ್ಲೇನ್ರಿ?" ಅಂದಳು.

"ಹಾಕವ್ವಾ" ಅಂದೆ.